ನೋವನ್ನು ಮೊದಲು ಯಾರಿಗೆ ಹೇಳಬೇಕು?

ಬೆಂಗಳೂರಿನ ಬಹಳಷ್ಟು ಮ್ಯಾರಥಾನ್ ಓಟಗಾರರ ಲೆಕ್ಕಾಚಾರವೆಲ್ಲ ಜನವರಿಯ ಸುತ್ತ ನಡೆಯುತ್ತದೆ. 2004ರಲ್ಲಿ ಶುರುವಾದ ಮುಂಬೈ ಮ್ಯಾರಥಾನ್ ಸಾಮಾನ್ಯವಾಗಿ ಆ ತಿಂಗಳ ಮೂರನೇ ಭಾನುವಾರ ಇರುತ್ತದೆ. ಹಾಗಾಗಿ ಇಲ್ಲಿನ ತಯಾರಿ ಮಳೆಗಾಲದ ಕೊನೆಗೆ ಆರಂಭವಾಗಿ, ದಸರಾ ದೀಪಾವಳಿ ದಾಟಿ, ಧನುರ್ಮಾಸದ ಚಳಿಯವರೆಗೆ ಸಾಗುತ್ತದೆ. ಭಾನುವಾರದ ಲಾಂಗ್ ರನ್ ಹದಿನಾರು ಕಿಲೋಮೀಟರಿನಿಂದ ಇಪ್ಪತ್ತಕ್ಕೆ, ಅಲ್ಲಿಂದ ಇಪ್ಪತ್ತಾರಕ್ಕೆ, ಕೊನೆಗೆ ಮೂವತ್ತೆರಡಕ್ಕೆ ಏರುತ್ತದೆ. ಕಬ್ಬನ್ ಪಾರ್ಕ್, ಲಾಲ್‌ಬಾಗ್‌ಗಳ ಸುತ್ತ ಬೆಳಕು ಹರಿಯುವ ಮುಂಚೆಯೇ ಗುಂಪುಗಳು ಸೇರುತ್ತವೆ. ದೂರ ಹೀಗೆ ಏರುವ ಅಕ್ಟೋಬರ್, ನವೆಂಬರ್ ತಿಂಗಳಲ್ಲೇ ಕಾಲು ನೋವೂ ಶುರುವಾಗುತ್ತದೆ. ಓಟ ಮುಗಿದ ಮೇಲೆ ದರ್ಶಿನಿಯಲ್ಲಿ ಇಡ್ಲಿ ಕಾಫಿಗೆ ನಿಂತಾಗ, ಒಂದು ಕಾಲಿನ ಮೇಲೆ ಭಾರ ಹಾಕದೆ ನಿಂತವರನ್ನು ಯಾರಾದರೂ ವಿಚಾರಿಸಿದರೆ ಉತ್ತರ ಸಿದ್ಧವಿರುತ್ತದೆ: ‘ಏನಿಲ್ಲ ಸಾರ್, ಮೀನಖಂಡ ಸ್ವಲ್ಪ ಹಿಡ್ಕೊಂಡಿದೆ.’

ಈ ‘ಏನಿಲ್ಲ’ ಎಂಬ ಮಾತಿನಲ್ಲೇ ಮುಖ್ಯವಾದ ಎರಡು ಮೂರು ವಾರ ಕಳೆದುಹೋಗುತ್ತವೆ. ಮುಚ್ಚಿಡುವುದಕ್ಕೆ ಕಾರಣಗಳು ಇದ್ದೇ ಇರುತ್ತವೆ. ಆಫೀಸಿನಲ್ಲಿ ಎಲ್ಲರಿಗೂ ಹೇಳಿಯಾಗಿರುತ್ತದೆ, ಹೋಗಿಬರಲು ಟಿಕೆಟ್ ಆಗಿರುತ್ತದೆ. ಮುಂಬೈ ಓಟದ ಮೂಲಕ ಸೇವಾಸಂಸ್ಥೆಗಳಿಗೆ ದೇಣಿಗೆ ಕೂಡಿಸುವ ಪದ್ಧತಿ ದೊಡ್ಡದಾಗಿ ಬೆಳೆದಿದೆ. ಹಾಗೆ ಸಹೋದ್ಯೋಗಿಗಳಿಂದ ಹಣ ಪಡೆದವರಿಗೆ ಹಿಂದೆ ಸರಿಯುವುದೆಂದರೆ ಕೊಟ್ಟ ಮಾತು ತಪ್ಪಿದಂತೆ ಅನಿಸುತ್ತದೆ. ಮನೆಯಲ್ಲಿ ಹೇಳಿದರೆ ‘ಯಾಕೆ ಬೇಕಿತ್ತು ಈ ವಯಸ್ಸಿನಲ್ಲಿ’ ಎಂಬ ಮಾತು ಬರುತ್ತದೆ. ಡಾಕ್ಟರ ಬಳಿ ಹೋದರೆ ಓಡಬೇಡಿ ಎನ್ನುತ್ತಾರೆ ಎಂಬ ಭಯ. ಹೀಗೆ ಎಲ್ಲ ದಿಕ್ಕಿನಿಂದಲೂ ಒತ್ತಡ ಬಿದ್ದು ನೋವು ಒಬ್ಬರ ಗುಟ್ಟಾಗಿ ಉಳಿಯುತ್ತದೆ. ರಾತ್ರಿ ಮೊಬೈಲಿನಲ್ಲಿ ಲಕ್ಷಣ ಹುಡುಕುವುದು, ಬೆಳಗ್ಗೆ ನೋವಿನ ಸ್ಪ್ರೇ ಹೊಡೆದುಕೊಂಡು ಹೊರಡುವುದು, ಇಷ್ಟೇ ಚಿಕಿತ್ಸೆ.

ನೆರವು ಕೇಳುವುದನ್ನು ತಯಾರಿಯ ಭಾಗವೆಂದೇ ನಾವು ಕಲಿಯಬೇಕು, ಲಾಂಗ್ ರನ್ ಮಾಡಲು ಕಲಿತ ಹಾಗೆಯೇ ಕಲಿಯಬೇಕು ಎಂಬುದು ನನ್ನ ಗಟ್ಟಿಯಾದ ನಂಬಿಕೆ. ಹಾಗೆ ಕಲಿಯುವಾಗ ಮೊದಲು ತಿಳಿಯಬೇಕಾದ್ದು, ಯಾರಿಂದ ಯಾವ ನೆರವು ಸಿಗುತ್ತದೆ ಎಂಬುದು. ಜೊತೆಗೆ ಓಡುವ ಗೆಳೆಯ ಧೈರ್ಯ ಕೊಡಬಲ್ಲ, ಮೂಳೆ ಬಿರುಕು ಬಿಟ್ಟಿದೆಯೋ ಇಲ್ಲವೋ ಹೇಳಲಾರ. ಮೂಳೆ ತಜ್ಞರು ಬಿರುಕು ಹಿಡಿಯಬಲ್ಲರು. ಆದರೆ ಭಾನುವಾರ ಬೆಳಗ್ಗೆ ಐದು ಗಂಟೆಗೆ ಎಚ್ಚರವಾಗಿ, ಹೋಗಲು ಜಾಗವಿಲ್ಲದೆ ಕೂತವರ ಬೇಸರಕ್ಕೆ ಅವರ ಬಳಿ ಔಷಧವಿಲ್ಲ. ಒಬ್ಬರಿಂದಲೇ ಎಲ್ಲವನ್ನೂ ನಿರೀಕ್ಷಿಸಿ ನಿರಾಶರಾದವರನ್ನು ನಾನು ಓಟದ ಗುಂಪುಗಳಲ್ಲಿ ಬಹಳ ಕಂಡಿದ್ದೇನೆ.

ಮೂಳೆಯ ಲೆಕ್ಕ ಬೇರೆ

ಎಲ್ಲ ನೋವೂ ಒಂದೇ ಜಾತಿಯದಲ್ಲ ಎಂಬುದು ಗೊತ್ತಿದ್ದರೆ ಅರ್ಧ ಗೊಂದಲ ಕಳೆಯುತ್ತದೆ. 42.195 ಕಿಲೋಮೀಟರನ್ನು ನಾಲ್ಕೈದು ಗಂಟೆಯಲ್ಲಿ ಓಡಿ ಮುಗಿಸುವವರು ನಲವತ್ತು ಸಾವಿರದ ಆಸುಪಾಸು ಹೆಜ್ಜೆ ಹಾಕುತ್ತಾರೆ. ಪ್ರತಿ ಹೆಜ್ಜೆ ನೆಲಕ್ಕೆ ಬಿದ್ದಾಗ ದೇಹದ ತೂಕದ ಎರಡೂವರೆ ಪಟ್ಟಿನಷ್ಟು ಬಲ ಕಾಲಿನ ಮೇಲೆ ಬರುತ್ತದೆ. ತಯಾರಿಯ ತಿಂಗಳುಗಳಲ್ಲಿ ಈ ಹೆಜ್ಜೆಗಳು ಲಕ್ಷಗಟ್ಟಲೆ ಆಗುತ್ತವೆ. ಈ ಭಾರವನ್ನು ಸ್ನಾಯು ಒಂದು ರೀತಿಯಲ್ಲಿ, ಸ್ನಾಯುರಜ್ಜು ಇನ್ನೊಂದು ರೀತಿಯಲ್ಲಿ, ಮೂಳೆ ಮತ್ತೊಂದು ರೀತಿಯಲ್ಲಿ ತಡೆದುಕೊಳ್ಳುತ್ತದೆ.

ಮೂಳೆ ಒಮ್ಮೆ ಬೆಳೆದು ಹಾಗೇ ಉಳಿಯುವ ಕಲ್ಲಲ್ಲ. ಹೊಸ ಭಾರ ಬಿದ್ದಾಗ ಅದು ತನ್ನನ್ನು ತಾನೇ ಮತ್ತೆ ಕಟ್ಟಿಕೊಳ್ಳುತ್ತದೆ. ಬೆಂಗಳೂರಿನ ರಸ್ತೆಗೆ ಡಾಂಬರು ಹಾಕುವ ಮೊದಲು ಹಳೆಯದನ್ನು ಕೆರೆದು ತೆಗೆಯುವಂತೆ, ಮೂಳೆಯಲ್ಲೂ ಕೆಲವು ಜೀವಕೋಶಗಳು ಹಳೆಯ ಭಾಗವನ್ನು ಕರಗಿಸುತ್ತವೆ, ಆಮೇಲೆ ಬೇರೆ ಜೀವಕೋಶಗಳು ಹೊಸದನ್ನು ಕಟ್ಟುತ್ತವೆ. ಕರಗುವುದು ಕೆಲವೇ ವಾರಗಳ ಕೆಲಸ, ಕಟ್ಟಿ ಗಟ್ಟಿಯಾಗುವುದಕ್ಕೆ ತಿಂಗಳುಗಳು ಬೇಕು. ಅಂದರೆ ಓಟದ ದೂರ ಒಮ್ಮೆಲೇ ಹೆಚ್ಚಿಸಿದ ಮೂರು ನಾಲ್ಕು ವಾರಗಳ ನಂತರ ಮೂಳೆ ಮೊದಲಿಗಿಂತ ದುರ್ಬಲವಾಗಿರುವ ಒಂದು ಅವಧಿ ಬರುತ್ತದೆ. ಉಸಿರು ಆ ವೇಳೆಗೆ ಚೆನ್ನಾಗಿ ಪಳಗಿರುತ್ತದೆ, ಉತ್ಸಾಹವೂ ಹೆಚ್ಚಿರುತ್ತದೆ, ಓಡುವವರಿಗೆ ಇನ್ನೂ ದೂರ ಹೋಗುವ ಆಸೆ. ಬಿರುಕು ಬೀಳುವುದು ಆಗಲೇ. ವೈದ್ಯರು ಇದನ್ನು ಸ್ಟ್ರೆಸ್ ಫ್ರ್ಯಾಕ್ಚರ್ ಎನ್ನುತ್ತಾರೆ. ಮೊಣಕಾಲಿನ ಕೆಳಗಿನ ದಪ್ಪ ಮೂಳೆ ಮತ್ತು ಪಾದದ ಉದ್ದ ಮೂಳೆಗಳಲ್ಲಿ ಇದು ಹೆಚ್ಚು.

ಗುರುತು ಹಿಡಿಯುವುದು ಹೇಗೆ? ಮೂಳೆಯ ಉದ್ದಕ್ಕೂ ಹರಡಿಕೊಂಡ ನೋವು, ಓಡಲು ಶುರುಮಾಡಿ ಮೈ ಬಿಸಿಯಾದ ಮೇಲೆ ಕಡಿಮೆಯಾಗುವ ನೋವು ಸಾಮಾನ್ಯವಾಗಿ ಶಿನ್ ಸ್ಪ್ಲಿಂಟ್ಸ್ ಎಂದು ಓಟಗಾರರು ಕರೆಯುವ ತೊಂದರೆ. ಒಂದು ಬೆರಳಿನಲ್ಲಿ ಒತ್ತಿ ‘ಇಲ್ಲೇ’ ಎಂದು ತೋರಿಸಬಲ್ಲ ನೋವು, ಓಡಿದಷ್ಟೂ ಹೆಚ್ಚುವ ನೋವು, ನಡೆಯುವಾಗಲೂ ರಾತ್ರಿ ಮಲಗಿದಾಗಲೂ ಕಾಡುವ ನೋವು ಇದ್ದರೆ ಬಿರುಕಿನ ಅನುಮಾನ ಪಡಬೇಕು. ಆರಂಭದ ವಾರಗಳಲ್ಲಿ ಎಕ್ಸ್‌ರೇಯಲ್ಲಿ ಬಿರುಕು ಕಾಣದೇ ಇರುವುದು ಸಾಮಾನ್ಯ. ಎಂಆರ್‌ಐನಲ್ಲಿ ಬೇಗ ಕಾಣುತ್ತದೆ. ‘ಎಕ್ಸ್‌ರೇ ನಾರ್ಮಲ್ ಬಂತು’ ಎಂದು ಮರುದಿನವೇ ಓಡಲು ಹೋಗುವವರು ಇದನ್ನು ನೆನಪಿಡಬೇಕು.

ಎಲ್ಲಕ್ಕಿಂತ ಹೆಚ್ಚಾಗಿ ಹೆದರಬೇಕಾದ್ದು ತೊಡೆಸಂದಿಯ ನೋವಿಗೆ. ತೊಡೆಮೂಳೆಯ ಕುತ್ತಿಗೆ, ಅಂದರೆ ಸೊಂಟದ ಕೀಲಿಗೆ ಸೇರುವ ಕಿರಿದಾದ ಭಾಗ, ಬಿರುಕು ಬಿಟ್ಟರೆ ಹೊರಗೆ ಕಾಣುವುದು ತೊಡೆಸಂದಿಯಲ್ಲಿ ಒಂದು ಮಂದ ನೋವು ಮಾತ್ರ. ಸ್ನಾಯು ಉಳುಕಿದೆ ಎಂದುಕೊಂಡು ಓಡುತ್ತ ಹೋದರೆ ಮೂಳೆ ಪೂರ್ತಿ ಮುರಿದು ಶಸ್ತ್ರಚಿಕಿತ್ಸೆಯವರೆಗೆ ಹೋಗಬಹುದು. ಒಂಟಿಗಾಲಿನಲ್ಲಿ ನಿಂತರೆ ತೊಡೆಸಂದಿ ನೋಯುತ್ತದೆ ಎನ್ನುವವರು ಆ ದಿನವೇ ಓಟ ನಿಲ್ಲಿಸಿ ಮೂಳೆ ತಜ್ಞರನ್ನು ಕಾಣಬೇಕು. ಕಾಲು ಊರಲಾಗದಿರುವುದು, ಮೀನಖಂಡ ಊದಿ ಬಿಸಿಯಾಗಿರುವುದು, ಪಾದ ಜೋಮು ಹಿಡಿದಂತಾಗುವುದು, ಹಿಮ್ಮಡಿಯ ಮೇಲೆ ‘ಟಪ್’ ಎಂದು ಕಿತ್ತಂತಾಗಿ ತುದಿಗಾಲಲ್ಲಿ ನಿಲ್ಲಲಾಗದಿರುವುದು, ಇವುಗಳಿಗೂ ಕಾಯುವ ಮಾತಿಲ್ಲ. ಹಣದ ಚಿಂತೆ ಇದ್ದವರಿಗೆ ಜಯನಗರದ ಸಂಜಯ್ ಗಾಂಧಿ ಅಪಘಾತ ಮತ್ತು ಮೂಳೆ ಚಿಕಿತ್ಸಾ ಸಂಸ್ಥೆ ಸರ್ಕಾರದ್ದೇ ಆಸ್ಪತ್ರೆ.

ನಮ್ಮ ಊರುಗಳಲ್ಲಿ ‘ಪುತ್ತೂರು ಕಟ್ಟು’ ಎಂಬ ಬೋರ್ಡು ಕಾಣದ ಬಡಾವಣೆ ಕಡಿಮೆ. ಆಂಧ್ರದ ಪುತ್ತೂರಿನ ಮೂಳೆಕಟ್ಟಿನ ಪರಂಪರೆ ಬೆಂಗಳೂರಿನಲ್ಲಿ ಬೇರೂರಿದೆ, ಹಿರಿಯರಿಗೆ ಅದರ ಮೇಲೆ ನಂಬಿಕೆಯೂ ಇದೆ. ಓಟಗಾರರಿಗೆ ನಾನು ಹೇಳುವುದಿಷ್ಟು: ಮೂಳೆಯ ಮೇಲೆ ಬೆರಳಿಟ್ಟು ತೋರಿಸುವಂಥ ನೋವಿದ್ದಾಗ ಅಲ್ಲಿ ಎಣ್ಣೆ ಹಾಕಿ ಜೋರಾಗಿ ಉಜ್ಜಿಸಬೇಡಿ, ತಿರುಚಿಸಬೇಡಿ. ಮೊದಲು ಬಿರುಕಿದೆಯೇ ಇಲ್ಲವೇ ತಿಳಿದುಕೊಳ್ಳಿ.

ಸ್ನಾಯುರಜ್ಜಿಗೆ ಕೆಲಸ ಬೇಕು

ಹಿಮ್ಮಡಿಯ ಮೇಲಿನ ದಪ್ಪ ರಜ್ಜು, ಮೊಣಕಾಲಿನ ಚಿಪ್ಪಿನ ಕೆಳಗಿನ ರಜ್ಜು, ಅಂಗಾಲಿನ ಪೊರೆ, ಇವುಗಳ ನೋವಿಗೆ ಮೂಳೆಯ ನಿಯಮವನ್ನೇ ಅನ್ವಯಿಸಿದರೆ ದಾರಿ ತಪ್ಪುತ್ತದೆ. ಬಿರುಕು ಬಿಟ್ಟ ಮೂಳೆಗೆ ವಿಶ್ರಾಂತಿ ಬೇಕು. ನೋಯುವ ರಜ್ಜನ್ನು ಪೂರ್ತಿ ಸುಮ್ಮನಿರಿಸಿದರೆ ಅದು ಇನ್ನಷ್ಟು ಸೊರಗುತ್ತದೆ. ತಿಂಗಳು ವಿಶ್ರಾಂತಿ ತೆಗೆದುಕೊಂಡು, ನೋವು ಹೋಯಿತೆಂದು ಓಡಲು ಹೋಗಿ, ಎರಡನೇ ದಿನವೇ ಮತ್ತೆ ನೋವೆಂದು ಬರುವವರ ಕಥೆ ಇದೇ.

ಸ್ವೀಡನ್ನಿನ ಊಮೆಯೋದ ಮೂಳೆ ತಜ್ಞ ಹಾಕನ್ ಆಲ್ಫ್ರೆಡ್‌ಸನ್ 1998ರಲ್ಲಿ ಪ್ರಕಟಿಸಿದ ಅಧ್ಯಯನ ರಜ್ಜಿನ ನೋವಿನ ಬಗೆಗಿನ ತಿಳಿವಳಿಕೆಯನ್ನೇ ಬದಲಿಸಿತು. ಹಿಮ್ಮಡಿ ರಜ್ಜಿನ ದೀರ್ಘಕಾಲದ ನೋವಿನಿಂದ ಬಳಲುತ್ತಿದ್ದ ಹದಿನೈದು ಮಂದಿ ಹವ್ಯಾಸಿ ಕ್ರೀಡಾಪಟುಗಳಿಗೆ ಅವರು ಕೊಟ್ಟದ್ದು ಸರಳ ವ್ಯಾಯಾಮ. ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸುವುದು, ದಿನಕ್ಕೆ ಒಟ್ಟು 180 ಬಾರಿ, ಹನ್ನೆರಡು ವಾರ. ಹದಿನೈದೂ ಮಂದಿ ಓಟಕ್ಕೆ ಮರಳಿದರು. ಈಗಿನ ಫಿಸಿಯೊಗಳು ಅಷ್ಟೇ ಸಂಖ್ಯೆ ಹೇಳದಿರಬಹುದು, ಭಾರ ಹೆಚ್ಚಿಸಿ ಎಣಿಕೆ ತಗ್ಗಿಸಬಹುದು. ಆದರೆ ನೋಯುವ ರಜ್ಜಿಗೆ ಹದವಾದ ಭಾರವೇ ಮದ್ದು ಎಂಬ ಮೂಲ ವಿಚಾರ ಹಾಗೇ ಉಳಿದಿದೆ.

ಅದೇ ದೇಶದಲ್ಲಿ ಕಾರಿನ್ ಸಿಲ್ಬೆರ್ನಾಗೆಲ್ ಮತ್ತು ಸಂಗಡಿಗರು 2007ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಹಿಮ್ಮಡಿ ರಜ್ಜು ನೋಯುವವರಲ್ಲಿ ಒಂದು ಗುಂಪು ಆರು ವಾರ ಓಟ, ಜಿಗಿತ ಬಿಟ್ಟಿತು. ಇನ್ನೊಂದು ಗುಂಪು ನೋವನ್ನು ಅಳೆಯುತ್ತ ಓಟ ಮುಂದುವರಿಸಿತು. ಎರಡೂ ಗುಂಪು ಬಲವರ್ಧನೆಯ ವ್ಯಾಯಾಮ ಮಾಡಿದವು, ಹೆಚ್ಚುಕಡಿಮೆ ಒಂದೇ ರೀತಿ ಚೇತರಿಸಿಕೊಂಡವು. ಅವರು ಬಳಸಿದ ಅಳತೆ ಯಾರಿಗೂ ಅರ್ಥವಾಗುವಂಥದ್ದು: ಸೊನ್ನೆಯಿಂದ ಹತ್ತರವರೆಗಿನ ಮಾಪನದಲ್ಲಿ ನೋವು ಐದನ್ನು ಮೀರಬಾರದು, ಮಾರನೆಯ ಬೆಳಗಿನ ವೇಳೆಗೆ ಇಳಿದಿರಬೇಕು, ವಾರದಿಂದ ವಾರಕ್ಕೆ ಏರುತ್ತ ಹೋಗಬಾರದು. ಓಡಬೇಕೋ ಬೇಡವೋ ಎಂಬ ದಿನನಿತ್ಯದ ಸಂಕಟಕ್ಕೆ ಇಷ್ಟು ನೇರವಾದ ಉತ್ತರ ಸಿಗುವುದೇ ಒಂದು ಸಮಾಧಾನ. ಮೂಳೆಯ ಬಿರುಕಿಗೆ ಮಾತ್ರ ಈ ಅಳತೆ ಸಲ್ಲದು. ಹಾಗಾಗಿಯೇ ನೋಯುತ್ತಿರುವುದು ಏನು ಎಂದು ಹೇಳಬಲ್ಲವರನ್ನು ಮೊದಲು ಕಾಣಬೇಕು.

ಫಿಸಿಯೊಥೆರಪಿಸ್ಟ್ ಬಳಿ ಹೋಗುವಾಗ ಬರೀ ಕಾಲು ತೆಗೆದುಕೊಂಡು ಹೋದರೆ ಸಾಲದು. ಕಳೆದ ಎರಡು ತಿಂಗಳಲ್ಲಿ ಯಾವ ದಿನ ಎಷ್ಟು ಓಡಿದಿರಿ, ಯಾವ ವಾರ ದೂರ ಜಿಗಿಯಿತು, ಬೂಟು ಯಾವಾಗ ಬದಲಾಯಿಸಿದಿರಿ, ನಂದಿಬೆಟ್ಟದ ಏರಿನಂಥದ್ದು ಯಾವಾಗ ಓಡಿದಿರಿ, ನಿದ್ದೆ ಎಷ್ಟು, ಹಿಂದೆ ಇದೇ ಜಾಗದಲ್ಲಿ ನೋವಿತ್ತೇ ಎಂಬುದನ್ನು ಬರೆದುಕೊಂಡು ಹೋಗಿ. ಈಗಿನ ಕೈಗಡಿಯಾರಗಳು ಅರ್ಧ ಲೆಕ್ಕವನ್ನು ತಾವೇ ಇಟ್ಟಿರುತ್ತವೆ. ಫಿಸಿಯೊ ನಿಮ್ಮನ್ನು ನಿಲ್ಲಿಸಿ, ನಡೆಸಿ, ಒಂಟಿಗಾಲಲ್ಲಿ ಕುಕ್ಕರಿಸಿ, ಸಾಧ್ಯವಾದರೆ ಓಡಿಸಿ ನೋಡಬೇಕು. ನೋಡದೆ ಮಷಿನ್ ಹಚ್ಚಿ ಇಪ್ಪತ್ತು ನಿಮಿಷ ಮಲಗಿಸಿ ಕಳಿಸುವ ಕಡೆ ಹಣ ಸುರಿಯಬೇಡಿ. ನನಗೇನಾಗಿದೆ, ಏನು ಮಾಡಬಾರದು, ಏನು ಮಾಡಬಹುದು, ಯಾವ ಗುರುತು ಕಂಡರೆ ಮುಂದಿನ ಹಂತಕ್ಕೆ ಹೋಗಬಹುದು ಎಂಬ ಪ್ರಶ್ನೆಗಳಿಗೆ ಉತ್ತರ ಪಡೆದೇ ಹೊರಬನ್ನಿ. ಓಡಬೇಡಿ ಎಂದಷ್ಟೇ ಹೇಳಿ ಮುಗಿಸುವವರಿಗಿಂತ, ಓಡುವ ಬದಲು ಇದನ್ನು ಮಾಡಿ ಎನ್ನುವವರು ಓಟಗಾರರಿಗೆ ಹೆಚ್ಚು ಉಪಕಾರಿ.

ವಾರಕ್ಕೆ ಶೇ 10ಕ್ಕಿಂತ ಹೆಚ್ಚು ದೂರ ಏರಿಸಬಾರದು ಎಂಬ ಮಾತು ಓಟದ ಗುಂಪುಗಳಲ್ಲಿ ವೇದವಾಕ್ಯ. ನೆದರ್ಲೆಂಡ್ಸಿನ ಗ್ರೋನಿಂಗನ್‌ನಲ್ಲಿ ಐನೂರಕ್ಕೂ ಹೆಚ್ಚು ಹೊಸ ಓಟಗಾರರ ಮೇಲೆ ಇದನ್ನು ಪರೀಕ್ಷಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ನಿಯಮ ಪಾಲಿಸಿ ನಿಧಾನವಾಗಿ ಏರಿಸಿದವರಲ್ಲೂ, ಸ್ವಲ್ಪ ಬೇಗ ಏರಿಸಿದವರಲ್ಲೂ ಗಾಯಗೊಂಡವರು ಸುಮಾರು ಐವರಿಗೆ ಒಬ್ಬರು. ನಿಯಮವನ್ನು ಪಾಲಿಸಿಯೂ ನೋವು ಬಂತೆಂದು ತಮ್ಮನ್ನೇ ಬೈದುಕೊಳ್ಳುವವರಿಗೆ ಈ ವಿಷಯ ತಿಳಿದಿರಲಿ. ಗಾಯಕ್ಕೆ ಕಾರಣಗಳು ಹಲವು, ಎಲ್ಲವೂ ಓಡುವವರ ಕೈಯಲ್ಲಿಲ್ಲ.

ಪೌಲಾಗೂ ಇದು ತಪ್ಪಲಿಲ್ಲ

ನೆರವು ಎಷ್ಟು ದೂರ ಒಯ್ಯಬಲ್ಲದು, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಬ್ರಿಟನ್ನಿನ ಪೌಲಾ ರಾಡ್‌ಕ್ಲಿಫ್ ಅವರ ಬದುಕಿನಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಉದಾಹರಣೆ ನನಗೆ ಕಾಣದು. 2003ರ ವಸಂತದಲ್ಲಿ ಲಂಡನ್ ಮ್ಯಾರಥಾನಿಗೆ ಕೆಲವೇ ವಾರ ಇರುವಾಗ, ಅಮೆರಿಕದ ಆಲ್ಬುಕರ್ಕಿಯಲ್ಲಿ ಅಭ್ಯಾಸದ ವೇಳೆ ಸೈಕಲ್ಲೊಂದು ಡಿಕ್ಕಿ ಹೊಡೆದು ಅವರು ಬಿದ್ದರು. ದವಡೆ, ಮೊಣಕಾಲು, ಕುತ್ತಿಗೆಗೆಲ್ಲ ಪೆಟ್ಟಾಯಿತು. ಅವರ ಆರೈಕೆಗೆ ನಿಂತವರು ಐರ್ಲೆಂಡಿನ ಫಿಸಿಯೊ ಜೆರಾರ್ಡ್ ಹಾರ್ಟ್‌ಮನ್. ಏಪ್ರಿಲ್ 13ರಂದು ರಾಡ್‌ಕ್ಲಿಫ್ 2 ಗಂಟೆ 15 ನಿಮಿಷ 25 ಸೆಕೆಂಡಿನಲ್ಲಿ ಓಡಿದ ಆ ಮ್ಯಾರಥಾನ್ ವಿಶ್ವದಾಖಲೆ 2019ರವರೆಗೆ ಯಾರಿಗೂ ದಕ್ಕಲಿಲ್ಲ.

ಮರುವರ್ಷ ಅಥೆನ್ಸ್ ಒಲಿಂಪಿಕ್ಸ್. ಓಟಕ್ಕೆ ಮುನ್ನ ಕಾಲಿಗೆ ಗಾಯ. ನೋವು, ಊತ ಇಳಿಸುವ ಮಾತ್ರೆಗಳನ್ನು ಹೆಚ್ಚಿನ ಪ್ರಮಾಣದಲ್ಲಿ ತೆಗೆದುಕೊಂಡದ್ದರಿಂದ ಹೊಟ್ಟೆ ಕೆಟ್ಟಿತು, ತಿಂದದ್ದು ಮೈಗೆ ಹತ್ತಲಿಲ್ಲ. ಆ ಬಿಸಿಲಿನಲ್ಲಿ ಸುಮಾರು 36 ಕಿಲೋಮೀಟರ್ ಓಡಿ ರಸ್ತೆಯ ಪಕ್ಕ ಕುಸಿದು ಅತ್ತ ದೃಶ್ಯವನ್ನು ಜಗತ್ತೆಲ್ಲ ಕಂಡಿತು. ತಂಡ ಇತ್ತು, ತಜ್ಞರಿದ್ದರು, ಪ್ರಪಂಚದಲ್ಲೇ ಶ್ರೇಷ್ಠವಾದ ಕಾಲುಗಳಿದ್ದವು. ಆದರೂ ದೇಹ ಒಪ್ಪಲಿಲ್ಲ. ಅದೇ ವರ್ಷ ನವೆಂಬರಿನಲ್ಲಿ ಅವರು ನ್ಯೂಯಾರ್ಕ್ ಮ್ಯಾರಥಾನ್ ಗೆದ್ದರು ಎಂಬುದನ್ನೂ ಸೇರಿಸಿ ಓದಬೇಕು.

ಸಾಮಾನ್ಯ ಓಟಗಾರರು ಇದರಿಂದ ತಿಳಿಯಬೇಕಾದ್ದು ಮಾತ್ರೆಯ ವಿಷಯ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಜಾತಿಯ ನೋವಿನ ಮಾತ್ರೆಗಳು ನಮ್ಮ ಮೆಡಿಕಲ್ ಶಾಪಿನಲ್ಲಿ ಸುಲಭವಾಗಿ ಸಿಗುತ್ತವೆ. ಓಟದ ದಿನ ಬೆಳಗ್ಗೆ ಒಂದನ್ನು ನುಂಗಿ ಹೊರಡುವ ಅಭ್ಯಾಸ ಬಹಳ ಮಂದಿಗಿದೆ. ದೀರ್ಘ ಓಟದಲ್ಲಿ ಬೆವರಿ ನೀರಿನಂಶ ಕಡಿಮೆಯಾದಾಗ ಮೂತ್ರಪಿಂಡಕ್ಕೆ ಹೋಗುವ ರಕ್ತವೂ ಕಡಿಮೆಯಾಗುತ್ತದೆ. ಈ ಮಾತ್ರೆಗಳು ಆ ರಕ್ತದ ಹರಿವನ್ನು ಮತ್ತಷ್ಟು ತಗ್ಗಿಸುತ್ತವೆ. ಜೊತೆಗೆ ನೋವೆಂಬ ಎಚ್ಚರಿಕೆಯೂ ಮಂಕಾಗುತ್ತದೆ. ಮಾತ್ರೆ ಬೇಕೇ ಬೇಕು ಎನ್ನುವ ಸ್ಥಿತಿಯಲ್ಲಿ ಓಟದ ಸಾಲಿನಲ್ಲಿ ನಿಲ್ಲುವುದನ್ನು ವೈದ್ಯರ ಜೊತೆ ಮಾತಾಡದೆ ತೀರ್ಮಾನಿಸಬಾರದು.

ಅಮೆರಿಕದ ಜೋನ್ ಬೆನೊಯ್ಟ್ ಅವರ ಕಥೆಯನ್ನು ಹುರಿದುಂಬಿಸಲು ಎಲ್ಲ ಕೋಚ್‌ಗಳೂ ಹೇಳುತ್ತಾರೆ. 1984ರಲ್ಲಿ ಮೊಣಕಾಲಿನ ಶಸ್ತ್ರಚಿಕಿತ್ಸೆಯಾದ ಹದಿನೇಳೇ ದಿನಕ್ಕೆ ಅವರು ಒಲಿಂಪಿಕ್ ಆಯ್ಕೆ ಮ್ಯಾರಥಾನ್ ಗೆದ್ದರು. ಆಗಸ್ಟಿನಲ್ಲಿ ಲಾಸ್ ಏಂಜಲಿಸ್‌ನಲ್ಲಿ, ಮಹಿಳೆಯರಿಗೆ ಮೊದಲ ಬಾರಿ ಏರ್ಪಡಿಸಿದ ಒಲಿಂಪಿಕ್ ಮ್ಯಾರಥಾನಿನ ಚಿನ್ನವನ್ನೂ ಗೆದ್ದರು. ಕಥೆ ನಿಜ, ಅದ್ಭುತವೂ ಹೌದು. ಆದರೆ ನೋವನ್ನು ನುಂಗಿ ಓಡಿದ್ದಕ್ಕೆ ಪುರಾವೆಯಾಗಿ ಅದನ್ನು ಹೇಳುವುದು ಸರಿಯಲ್ಲ. ಅವರು ನೋವೆಂದ ಕೂಡಲೇ ವೈದ್ಯರ ಬಳಿ ಹೋದವರು. ಚುಚ್ಚುಮದ್ದಿಗೆ ಬಗ್ಗದಿದ್ದಾಗ ಒಳಗಿನ ದೋಷವನ್ನು ಹುಡುಕಿಸಿ ಸರಿಪಡಿಸಿಕೊಂಡವರು. ಕಾಲು ಓಡಲಾರದ ದಿನಗಳಲ್ಲಿ ವ್ಯಾಯಾಮದ ಸೈಕಲ್ಲನ್ನು ಕೈಯಿಂದ ತುಳಿದು ದಮ್ಮು ಉಳಿಸಿಕೊಂಡವರು.

ಆ ಕೊನೆಯ ವಿವರ ನಮಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಓಟ ನಿಂತ ಮೂರು ವಾರದೊಳಗೆ ಆಮ್ಲಜನಕ ಬಳಸುವ ದೇಹದ ಸಾಮರ್ಥ್ಯ ಶೇ 7ರಷ್ಟು ಇಳಿಯುತ್ತದೆ ಎಂದು ಎಡ್ವರ್ಡ್ ಕೊಯ್ಲ್ ಮತ್ತು ಸಂಗಡಿಗರು 1984ರಲ್ಲೇ ಅಳೆದು ತೋರಿಸಿದ್ದರು. ಅದೂ ವ್ಯಾಯಾಮವನ್ನು ಸಂಪೂರ್ಣ ನಿಲ್ಲಿಸಿದವರಲ್ಲಿ. ಆಳದ ಈಜುಕೊಳದಲ್ಲಿ ತೇಲುಪಟ್ಟಿ ಕಟ್ಟಿಕೊಂಡು, ಪಾದ ತಳಕ್ಕೆ ತಾಗದಂತೆ ನೀರಲ್ಲೇ ಓಡುವ ಅಭ್ಯಾಸ ಇದ್ದರೆ ಈ ಇಳಿತವನ್ನು ಬಹುಮಟ್ಟಿಗೆ ತಡೆಯಬಹುದು. ನಮ್ಮ ಬಡಾವಣೆಗಳ ಕೊಳಗಳಲ್ಲಿ ಹೆಚ್ಚಿನವು ಎದೆಮಟ್ಟದವು, ಆಳದ ಭಾಗ ಇರುವುದನ್ನು ಹುಡುಕಿ, ಅಲ್ಲಿನ ಜೀವರಕ್ಷಕರಿಗೆ ಹೇಳಿಯೇ ಇಳಿಯಬೇಕು. ಈಜು ಬಾರದವರಿಗೆ ನಿಂತಲ್ಲೇ ತುಳಿಯುವ ಸೈಕಲ್ ಇದೆ.

ಅಡುಗೆಮನೆಯಲ್ಲಿ ಕೇಳಬೇಕಾದ ನೆರವು

ಮೂಳೆ ಬಿರುಕು ಬಿಟ್ಟವರ ಬಗ್ಗೆ ನಾವು ಬೂಟು, ರಸ್ತೆ, ಕಿಲೋಮೀಟರು ಎಲ್ಲ ಮಾತಾಡುತ್ತೇವೆ, ಊಟದ ಮಾತು ಎತ್ತುವುದಿಲ್ಲ. ಓಡುವುದಕ್ಕೆ ಖರ್ಚಾಗುವ ಶಕ್ತಿಯನ್ನು ಊಟ ತುಂಬಿಕೊಡದಿದ್ದರೆ ದೇಹ ಉಳಿತಾಯಕ್ಕೆ ಇಳಿಯುತ್ತದೆ. ಮೊದಲು ಕಡಿತವಾಗುವುದು ಸಂತಾನಕ್ಕೆ ಸಂಬಂಧಿಸಿದ ಹಾರ್ಮೋನುಗಳು, ಮೂಳೆ ಕಟ್ಟುವ ಕೆಲಸ, ರೋಗನಿರೋಧಕ ಶಕ್ತಿ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಇದಕ್ಕೆ ರೆಡ್-ಎಸ್ ಎಂಬ ಹೆಸರು ಕೊಟ್ಟು, ಹೆಂಗಸರಷ್ಟೇ ಅಲ್ಲ, ಗಂಡಸರೂ ಇದಕ್ಕೆ ಗುರಿಯಾಗುತ್ತಾರೆ ಎಂದು ಎಚ್ಚರಿಸಿತು.

ನಮ್ಮಲ್ಲಿ ತೂಕ ಇಳಿಸಲೆಂದೇ ಓಟ ಶುರು ಮಾಡಿದವರು ಬಹಳ. ಮ್ಯಾರಥಾನ್ ತಯಾರಿಯ ಜೊತೆಗೇ ಅನ್ನ ಬಿಡುವುದು, ರಾತ್ರಿ ಊಟ ಬಿಡುವುದು, ಶನಿವಾರ ಉಪವಾಸ ಮಾಡಿ ಭಾನುವಾರ ಲಾಂಗ್ ರನ್ ಹೋಗುವುದು ನಡೆಯುತ್ತದೆ. ಮನೆಯ ಹೆಣ್ಣುಮಕ್ಕಳ ಕಷ್ಟ ಇನ್ನೊಂದು ಬಗೆಯದು. ನಾಲ್ಕೂವರೆಗೆ ಎದ್ದು, ಓಡಿ ಬಂದು, ನಿಂತ ಕಾಲಲ್ಲೇ ಮಕ್ಕಳ ಡಬ್ಬಿ ಕಟ್ಟಿ, ತಾವು ತಿಂಡಿ ತಿನ್ನುವಾಗ ಹತ್ತು ಗಂಟೆ. ಮುಟ್ಟು ತಪ್ಪಿದರೆ ಓಟದ ಆಯಾಸ ಎಂದುಕೊಂಡು ಸುಮ್ಮನಾಗುತ್ತಾರೆ. ಅದು ಸುಮ್ಮನಾಗುವ ವಿಷಯವಲ್ಲ. ಎರಡು ಮೂರು ತಿಂಗಳು ಮುಟ್ಟು ನಿಂತರೆ, ಅದರ ಜೊತೆಗೆ ಕಾಲಿನ ಮೂಳೆ ನೋವೂ ಇದ್ದರೆ, ಸ್ತ್ರೀರೋಗ ತಜ್ಞರಿಗೂ ಮೂಳೆ ತಜ್ಞರಿಗೂ ಎರಡು ವಿಷಯವನ್ನೂ ಹೇಳಬೇಕು. ವಿಟಮಿನ್ ಡಿ, ಕಬ್ಬಿಣಾಂಶದ ರಕ್ತ ಪರೀಕ್ಷೆ ಬೇಕೇ ಎಂದು ಕೇಳಬೇಕು. ಬಿಸಿಲಿನ ನಾಡಿನಲ್ಲೇ ವಿಟಮಿನ್ ಡಿ ಕೊರತೆ ವ್ಯಾಪಕವಾಗಿದೆ, ಸೂರ್ಯ ಹುಟ್ಟುವ ಮುಂಚೆ ಓಡಿ ಮುಗಿಸಿ ದಿನವಿಡೀ ಆಫೀಸಿನೊಳಗೆ ಕೂರುವವರು ಹೊರಾಂಗಣ ಕ್ರೀಡಾಪಟುಗಳಾದರೂ ಬಿಸಿಲು ಕಂಡಿರುವುದಿಲ್ಲ.

ಮನೆಯವರಿಂದ ಬೇಕಾದ ನೆರವು ಹೀಗೆ ಬಹಳ ನಿರ್ದಿಷ್ಟವಾದದ್ದು. ಓಡಿ ಬಂದ ಅರ್ಧ ಗಂಟೆಯೊಳಗೆ ಕೂತು ತಿನ್ನಲು ಬಿಡುವು, ರಾತ್ರಿ ಹತ್ತಕ್ಕೆ ಮಲಗಲು ಬಿಡುವು, ಬೆಳಗಿನ ಡಬ್ಬಿಯ ಕೆಲಸಕ್ಕೆ ಇನ್ನೊಂದು ಕೈ. ಕಾಲು ಊರಬಾರದು ಎಂದು ವೈದ್ಯರು ಹೇಳಿದ ವಾರಗಳಲ್ಲಿ ಮನೆಯೊಳಗಿನ ನಿಲ್ಲುವ ಕೆಲಸವೂ ಕಡಿಮೆಯಾಗಬೇಕು, ಓಟ ಬಿಟ್ಟು ಅಡುಗೆಮನೆಯಲ್ಲಿ ನಾಲ್ಕು ಗಂಟೆ ನಿಂತರೆ ಅದು ವಿಶ್ರಾಂತಿಯಾಗದು. ತಟ್ಟೆಯಲ್ಲಿ ಬೇಳೆ, ಮೊಸರು, ಮೊಟ್ಟೆ ತಿನ್ನುವವರಿಗೆ ಮೊಟ್ಟೆ ಇರಲಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿ ಗೋಧಿಗಳು ಇದರ ಹತ್ತಿರವೂ ಸುಳಿಯವು. ಗಾಯವಾಗಿ ಮನೆಯಲ್ಲಿ ಕೂತಾಗ ದಪ್ಪಗಾಗುತ್ತೇನೆಂದು ಊಟ ಕಡಿಮೆ ಮಾಡುವುದು ಎಲ್ಲಕ್ಕಿಂತ ಕೆಟ್ಟ ಯೋಚನೆ, ಮೂಳೆಗೆ ಕಟ್ಟಡದ ಸಾಮಗ್ರಿ ಬೇಕಾಗಿರುವುದು ಆಗಲೇ.

ಗುಂಪಿನ ಹೊಣೆ

ಗಾಯಗೊಂಡವರು ಮೊದಲು ಕಳೆದುಕೊಳ್ಳುವುದು ಗುಂಪನ್ನು. ಯಾರೂ ಹೊರಗೆ ಹಾಕುವುದಿಲ್ಲ, ತಾವಾಗಿ ದೂರವಾಗುತ್ತಾರೆ. ವಾಟ್ಸ್ಆ್ಯಪ್ ಗುಂಪಿನಲ್ಲಿ ದಿನಾ ಬೀಳುವ ಕಿಲೋಮೀಟರುಗಳ ಲೆಕ್ಕ ನೋಡಲಾಗದೆ ಸದ್ದಡಗಿಸುತ್ತಾರೆ, ಭಾನುವಾರದ ಕಾಫಿಗೂ ಬರುವುದನ್ನು ಬಿಡುತ್ತಾರೆ. ನಿತ್ಯ ಓಡುವವರಿಗೆ ಓಟ ತಪ್ಪಿದಾಗ ನಿದ್ದೆ ಕೆಡುವುದು, ಸಿಟ್ಟು ಬರುವುದು, ಮನಸ್ಸು ಕುಗ್ಗುವುದು ಸಹಜ. ಅನೇಕರಿಗೆ ದಿನದ ಒತ್ತಡ ಕಳೆಯುವ ಒಂದೇ ದಾರಿ ಆ ಓಟವಾಗಿರುತ್ತದೆ, ಮಾತಾಡುವ ಗೆಳೆಯರೂ ಅಲ್ಲೇ ಇರುತ್ತಾರೆ. ಎರಡೂ ಒಟ್ಟಿಗೆ ಹೋದರೆ ಕಾಲಿನ ನೋವಿಗಿಂತ ಅದು ದೊಡ್ಡದಾಗುತ್ತದೆ. ಎರಡು ವಾರ ಕಳೆದರೂ ಮನಸ್ಸು ಏಳದಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲವೆನಿಸಿದರೆ 14416ಕ್ಕೆ ಕರೆ ಮಾಡಿ. ಅದು 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ. ನಮ್ಮ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ, ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.

ಗುಂಪು ಮಾಡಬಹುದಾದ್ದು ಬಹಳ ಇದೆ. ಲಾಂಗ್ ರನ್ ದಿನ ನೀರು, ಬಾಳೆಹಣ್ಣು, ಉಪ್ಪು ಹಾಕಿದ ಕಿತ್ತಳೆ ಹಿಡಿದು ನಿಲ್ಲುವ ಕೆಲಸಕ್ಕೆ ಗಾಯಗೊಂಡವರನ್ನೇ ಕರೆಯಿರಿ, ಕರುಣೆಯಿಂದ ಅಲ್ಲ, ಅಲ್ಲಿ ನಿಜವಾಗಿ ಜನ ಬೇಕಾಗಿರುತ್ತಾರೆ. ಅವರ ಬಳಿ ‘ಯಾವಾಗ ಓಡ್ತೀರಿ’ ಎಂದು ಪ್ರತಿ ವಾರ ಕೇಳಬೇಡಿ. ‘ನನಗೂ ಹೀಗೇ ಆಗಿತ್ತು, ಈ ಪಟ್ಟಿ ಕಟ್ಟಿ, ಈ ಇಂಜೆಕ್ಷನ್ ತಗೊಳ್ಳಿ’ ಎನ್ನುವ ಮೊದಲು ಎರಡು ನಿಮಿಷ ತಡೆಯಿರಿ. ನಿಮ್ಮ ಮೊಣಕಾಲಿನ ಹೊರಬದಿಯ ನೋವಿಗೂ ಅವರ ಮೊಣಕಾಲಿನ ಚಿಪ್ಪಿನ ನೋವಿಗೂ ಸಂಬಂಧ ಇರಬೇಕೆಂದಿಲ್ಲ. ಒಳ್ಳೆಯ ಫಿಸಿಯೊ ಹೆಸರು ಹೇಳಿ, ಮೊದಲ ಸಲ ಜೊತೆಗೆ ಹೋಗಿ, ಗಾಡಿ ಓಡಿಸಲಾಗದಿದ್ದರೆ ಕರೆದುಕೊಂಡು ಹೋಗಿ. ಅಷ್ಟಾದರೆ ಅದು ದೊಡ್ಡ ನೆರವು.

ಮರಳಿ ಬಂದ ಮೊದಲ ವಾರಗಳಲ್ಲಿ ಇನ್ನೊಂದು ಕೊರತೆ ಕಾಡುತ್ತದೆ. ಗುಂಪು ತನ್ನ ವೇಗದಲ್ಲಿ ಮುಂದೆ ಹೋಗಿರುತ್ತದೆ, ಒಂದು ನಿಮಿಷ ಓಡಿ ಎರಡು ನಿಮಿಷ ನಡೆಯಬೇಕಾದವರು ಕತ್ತಲಲ್ಲಿ ಒಬ್ಬರೇ ಉಳಿಯುತ್ತಾರೆ. ಹೆಣ್ಣುಮಕ್ಕಳಿಗೆ ಇದು ಸುರಕ್ಷತೆಯ ಪ್ರಶ್ನೆಯೂ ಹೌದು, ಈ ಒಂದೇ ಕಾರಣಕ್ಕೆ ಓಟಕ್ಕೆ ಮರಳದೇ ಉಳಿದವರಿದ್ದಾರೆ. ಪ್ರತಿ ಗುಂಪೂ ಸರದಿಯ ಮೇಲೆ ಒಬ್ಬರನ್ನು ನಿಧಾನದವರ ಜೊತೆಗೆ ಬಿಡಬೇಕು ಎಂದು ನಾನು ಕೋಚ್‌ಗಳನ್ನು ಬೇಡಿಕೊಳ್ಳುತ್ತೇನೆ. ಅವರ ತಯಾರಿಯಲ್ಲಿ ವಾರಕ್ಕೊಂದು ಸುಲಭದ ಓಟ ಹೇಗೂ ಇರುತ್ತದೆ, ಅದನ್ನೇ ಇಲ್ಲಿಗೆ ಕೊಡಬಹುದು.

ಮರಳುವ ದಾರಿಗೆ ಗೊತ್ತಾದ ಮೆಟ್ಟಿಲುಗಳಿವೆ. ಮೂಳೆಯ ಬಿರುಕಾಗಿದ್ದರೆ ಒತ್ತಿದಾಗ ನೋವಿರಬಾರದು, ಅರ್ಧ ಮುಕ್ಕಾಲು ಗಂಟೆ ಚುರುಕಾಗಿ ನಡೆದರೂ ನೋವಿರಬಾರದು, ಒಂಟಿಗಾಲಲ್ಲಿ ಕುಪ್ಪಳಿಸಿದರೂ ನೋವಿರಬಾರದು. ಆಮೇಲೆ ಓಟ ನಡಿಗೆ ಬೆರೆಸಿ, ದಿನ ಬಿಟ್ಟು ದಿನ. ಮೊದಲು ಹೆಚ್ಚಿಸುವುದು ಸಮಯವನ್ನು, ಬಹಳ ಕೊನೆಗೆ ವೇಗವನ್ನು. ಕೆಳಗಾಲಿನ ಬಿರುಕಿಗೆ ಒಂದೂವರೆಯಿಂದ ಮೂರು ತಿಂಗಳು ಹಿಡಿಯುವುದು ಸಾಮಾನ್ಯ. ನವೆಂಬರ್ ಮಧ್ಯದಲ್ಲಿ ಬಿರುಕು ಕಂಡವರಿಗೆ ಜನವರಿಯ ಪೂರ್ಣ ಮ್ಯಾರಥಾನ್ ಇಲ್ಲವೆಂದೇ ಲೆಕ್ಕ, ಅದನ್ನು ಕೋಚ್ ಮತ್ತು ಫಿಸಿಯೊ ನೇರವಾಗಿ ಹೇಳಿಬಿಡುವುದು ದಯೆ.

ಹಾಗೆ ತೀರ್ಮಾನವಾದ ದಿನವೇ ಆಯೋಜಕರ ನಿಯಮ ಓದಿ. ಕೆಲವು ಓಟಗಳಲ್ಲಿ ನೋಂದಣಿಯನ್ನು ಮುಂದಿನ ವರ್ಷಕ್ಕೆ ಒಯ್ಯಬಹುದು ಅಥವಾ ಕಡಿಮೆ ದೂರಕ್ಕೆ ಬದಲಿಸಬಹುದು, ಅದಕ್ಕೆ ಕೊನೆಯ ದಿನಾಂಕ ಇರುತ್ತದೆ. ದೇಣಿಗೆ ಕೊಟ್ಟವರಿಗೆ ಎರಡು ಸಾಲು ಬರೆಯಿರಿ, ಹಣ ಸೇರಬೇಕಾದ ಸಂಸ್ಥೆಗೆ ಸೇರಿದೆ, ನಿಮ್ಮ ಕಾಲಿಗೂ ಅದಕ್ಕೂ ಸಂಬಂಧವಿಲ್ಲ. ಬಿಬ್ಬನ್ನು ಮಾತ್ರ ಇನ್ನೊಬ್ಬರಿಗೆ ಕೊಡಬೇಡಿ. ಅದರ ಹಿಂದೆ ಇರುವುದು ನಿಮ್ಮ ರಕ್ತದ ಗುಂಪು, ನಿಮ್ಮ ಮನೆಯ ಫೋನ್ ನಂಬರು. ಅದನ್ನು ಧರಿಸಿ ಓಡಿದವರು ಕುಸಿದರೆ ವೈದ್ಯರ ಕೈಗೆ ಸಿಗುವುದು ತಪ್ಪು ಮಾಹಿತಿ. ಬೆಂಗಳೂರಿನ 10ಕೆ ಓಟ ಬರುವುದು ಬೇಸಿಗೆಯಲ್ಲಿ, ಪೂರ್ಣ ಮ್ಯಾರಥಾನ್ ಬೇಕೆಂದರೆ ನಮ್ಮೂರಿನದೇ ಅಕ್ಟೋಬರಿನ ಹೊತ್ತಿಗೆ ಇದೆ. ಹೆಸರು ನೋಂದಾಯಿಸುವ ಮೊದಲು ಫಿಸಿಯೊ ಜೊತೆ ಕೂತು ಹಿಂದಕ್ಕೆ ಎಣಿಸಿಕೊಂಡು ಬನ್ನಿ: ಓಟದ ದಿನದಿಂದ ಹದಿನಾರು ಹದಿನೆಂಟು ವಾರ ತಯಾರಿಗೆ, ಅದಕ್ಕೂ ಹಿಂದೆ ನೋವಿಲ್ಲದೆ ವಾರಕ್ಕೆ ನಾಲ್ಕು ದಿನ ಓಡಿದ ಕನಿಷ್ಠ ಒಂದೂವರೆ ತಿಂಗಳು.